ನಿಂಗ್ಯಾರು ಕಲಿಸ್ಯಾರ ಅಂತ ರೋಬೋಟಿಗೆ ಕೇಳಿದ ನಮ್ಮ ಹುಡುಗಿ



ಹದಿನೈದು ದಿನದಿಂದ ಹೊಟ್ಟ್ಯಾಗ ಇಟ್ಕೊಂಡು ತಿರುಗಾಡಿದ ಮಾತಿದು. ಉದ್ದ ಅದ. ಪೂರ್ತಿ ಓದಿ ಆಮ್ಯಾಲ ಬೈರಿ. ನಮ್ಮವರಿಗೂ ಇದರಾಗ ಬೈಗುಳ ಅದಾವ, ಮೊದಲೇ ಹೇಳ್ತೀನಿ.

ಸೇಡಂನಲ್ಲಿ ಒಂದು ರೋಬೋಟ್ ಪ್ರದರ್ಶನ ಆಯಿತು. ಯಾರು ಮಾಡಿದರು, ಯಾವ ಸಭಾಂಗಣ ಅನ್ನೋದು ಬೇಡ. ಹೆಸರು ಹೇಳಿದರೆ ಜಗಳ ಅವರ ಮೇಲೆ ಹೋಗ್ತದ, ನಾನು ಹೇಳಬೇಕಾದ್ದು ಹಂಗೇ ಉಳೀತದ. ಪಾಠ ಹೇಳುವ ರೋಬೋಟ್ ಟೀಚರ್ ಅಂತ ಬ್ಯಾನರ್ ಕಟ್ಟಿದ್ದರು. ಸೀರೆ ಉಡಿಸಿದ ಬೊಂಬೆ, ಬೆಳ್ಳನೆ ಮುಖ, ಕಾಲಿಗೆ ಗಾಲಿ. ಈ ಸೀರೆ ಉಡಿಸೋ ಹುಚ್ಚು ಎಲ್ಲಿಂದ ಬಂತು ಅಂತ ಗೊತ್ತಲ್ಲ, 2024ರಲ್ಲಿ ತಿರುವನಂತಪುರದ ಒಂದು ಶಾಲೆಯಲ್ಲಿ ‘ಐರಿಸ್’ ಅನ್ನೋ ರೋಬೋಟಿಗೆ ಸೀರೆ ಉಡಿಸಿ ನಿಲ್ಲಿಸಿದ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ಟೀಚರ್ ಅಂದ್ರೆ ಹೆಣ್ಣು, ಹೆಣ್ಣು ಅಂದ್ರೆ ಸೀರೆ, ಸೀರೆ ಉಟ್ಟವಳು ಬೆಳ್ಳಗಿರಬೇಕು. ಮಿಷನ್ನಿಗೂ ಜಾತಕ ಬರೆದೇ ಹುಟ್ಟಿಸ್ತಾರ.

ಮುಂದಿನ ಕುರ್ಚಿಗಳಲ್ಲಿ ಟೈ ಕಟ್ಟಿದ ಇಂಗ್ಲಿಷ್ ಮೀಡಿಯಂ ಮಕ್ಕಳು. ಹಿಂದೆ ಜಮಖಾನದ ಮೇಲೆ ಹಾಸ್ಟೆಲ್ ಮಕ್ಕಳು, ಅಂದ್ರೆ ನಮ್ಮ ಕೇರಿಯ, ತಾಂಡಾದ ಮಕ್ಕಳು. ಅವರನ್ನ ಯಾಕ ಕರೆಸಿದ್ದರು? ಚಪ್ಪಾಳೆಗೆ. ಫೋಟೋದಾಗ ಸಭಾಂಗಣ ತುಂಬಿದಂಗ ಕಾಣಬೇಕಲ್ಲ.

ಕಡೆಗೆ ಒಂದಿಬ್ಬರಿಗೆ ಪ್ರಶ್ನೆ ಕೇಳೋ ಅವಕಾಶ ಕೊಟ್ಟರು. ಮುಂದಿನ ಸಾಲಿನ ಹುಡುಗ ಇಂಗ್ಲಿಷಿನಾಗ ಕರ್ನಾಟಕದ ರಾಜಧಾನಿ ಕೇಳಿದ, ರೋಬೋಟ್ ಹೇಳಿತು, ಚಪ್ಪಾಳೆ. ಆಮೇಲೆ ನಮ್ಮ ಹಾಸ್ಟೆಲ್ಲಿನ ಏಳನೇ ತರಗತಿ ಹುಡುಗಿ ಎದ್ದಳು. ಮೈಕ್ ಕೈಗೆ ಕೊಡಲಿಲ್ಲ, ಹಿಡಕೊಂಡೇ ಅವಳ ಬಾಯಿ ಹತ್ತಿರ ತಂದರು. ಅವಳು ಕೇಳಿದ್ದು ಒಂದೇ ಮಾತು:

“ನಿಂಗ್ಯಾರು ಕಲಿಸ್ಯಾರ?”

ರೋಬೋಟ್ ಕಣ್ಣು ಮಿಟುಕಿಸಿ, “ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ. ದಯವಿಟ್ಟು ಸ್ಪಷ್ಟವಾಗಿ ಮಾತನಾಡಿ” ಅಂತು. ಹುಡುಗಿ ಮತ್ತೊಮ್ಮೆ ಕೇಳಿದಳು. ಮತ್ತೆ ಅದೇ ಉತ್ತರ. ನಿರೂಪಣೆ ಮಾಡ್ತಿದ್ದ ಮಹಾಶಯರು ನಗುತ್ತ, “ಶುದ್ಧ ಕನ್ನಡದಲ್ಲಿ ಕೇಳು ಪುಟ್ಟಿ” ಅಂದರು. ಸಭಾಂಗಣ ನಕ್ಕಿತು. ಹುಡುಗಿ ಮೂರನೇ ಸಲ ಕೇಳಲಿಲ್ಲ. ಕೂತಳು.

ನಗುವಂಥದ್ದು ಏನಿತ್ತು? ಆ ಇಡೀ ಪ್ರದರ್ಶನದಲ್ಲಿ ಬಂದ ಒಂದೇ ಒಂದು ಒಳ್ಳೆ ಪ್ರಶ್ನೆ ಅದು. ರೋಬೋಟ್ ಕಂಡ ಕೂಡಲೇ ಕೇಳಬೇಕಾದ್ದೇ ಅದು. ನಿನಗೆ ಕಲಿಸಿದವರು ಯಾರು, ಯಾರ ಮಾತು ಕಲಿಸಿದರು, ಯಾರದು ಬಿಟ್ಟರು. ನಾವು ಸೇಡಂ ಮಂದಿ. ಒಂದು ಕಡೆ ತೆಲಂಗಾಣದ ಗಡಿ, ಮನೆಯೊಳಗ ತೆಲುಗು, ಬಜಾರದಾಗ ದಖನಿ ಉರ್ದು, ತಾಂಡಾದಾಗ ಲಂಬಾಣಿ, ಎಲ್ಲ ಬೆರೆತ ಕನ್ನಡ ನಮ್ಮದು. ಈ ಊರಿಂದ ಹದಿನೆಂಟು ಇಪ್ಪತ್ತು ಕಿಲೋಮೀಟರಿನಾಗ ಮಳಖೇಡ, ರಾಷ್ಟ್ರಕೂಟರ ರಾಜಧಾನಿ. ಕನ್ನಡಕ್ಕೆ ಸಿಕ್ಕಿರೋ ಮೊದಲ ದೊಡ್ಡ ಗ್ರಂಥ ಕವಿರಾಜಮಾರ್ಗ ಅವರ ಆಸ್ಥಾನದ್ದು. ಆ ನೆಲದ ಹುಡುಗಿಗೆ ‘ಶುದ್ಧ ಕನ್ನಡ’ ಕಲಿಸಾಕ ಗಾಲಿ ಕಾಲಿನ ಬೊಂಬೆ ಬಂದದ!

ಇನ್ನೊಂದು ಸಂಗತಿ ಆಮೇಲೆ ಗೊತ್ತಾಯಿತು. ಕಾರ್ಯಕ್ರಮ ಮುಗಿದ ಮೇಲೆ ವೇದಿಕೆ ಹಿಂದೆ ಹೋದೆ. ಪರದೆ ಹಿಂದೆ ಒಬ್ಬ ಹುಡುಗ ಟ್ಯಾಬ್ ಹಿಡಕೊಂಡು ಕೂತಿದ್ದ. ರೋಬೋಟ್ ತಾನಾಗಿ ಮಾತಾಡ್ತಿರಲಿಲ್ಲ. ಇವನು ಬಟನ್ ಒತ್ತುತ್ತಿದ್ದ, ಅದು ಮಾತಾಡ್ತಿತ್ತು. ನಮ್ಮ ಕಡೆ ತೊಗಲುಬೊಂಬೆ ನೋಡಿದವರಿಗೆ ಇದು ಹೊಸದಲ್ಲ. ರೋಬೋಟ್ ಮತ್ತು ಮನುಷ್ಯರ ಒಡನಾಟ ಅಧ್ಯಯನ ಮಾಡೋ ವಿಜ್ಞಾನಿಗಳೂ ಹಿಂಗ ಮಾಡ್ತಾರ, ‘ವಿಝರ್ಡ್ ಆಫ್ ಆಝ್’ ಪದ್ಧತಿ ಅಂತಾರ ಅದಕ್ಕ. ಆದರೆ ಅವರು ಪ್ರಯೋಗಕ್ಕೆ ಮಾಡ್ತಾರ, ಬರೆಯುವಾಗ ಒಳಗೆ ಮನುಷ್ಯ ಇದ್ದ ಅಂತ ಹೇಳ್ತಾರ. ಇಲ್ಲಿ ಯಾರೂ ಹೇಳಲಿಲ್ಲ.

ಆ ಹುಡುಗ ಶಹಾಬಾದ ಕಡೆಯವನು. ಡಿಪ್ಲೊಮಾ ಆಗ್ಯದ. ಒಂದು ಶೋಗೆ ಇಷ್ಟು ಅಂತ ಕೂಲಿ. ‘ತಮ್ಮಾ, ಆ ಹುಡುಗಿ ಕೇಳಿದ್ದು ನಿನಗೂ ತಿಳೀಲಿಲ್ಲೇನು?’ ಅಂದೆ. ತಲೆ ತಗ್ಗಿಸಿದ. “ತಿಳೀತ್ರಿ ಅಣ್ಣಾ. ಅದಕ್ಕ ಬಟನ್ ಇಲ್ರಿ.”

ಗೆಳೆಯರೆ, ಆ ರಾತ್ರಿ ನನಗೆ ನಿದ್ದಿ ಬರಲಿಲ್ಲ. ಅವಳ ಮಾತು ತಿಳಿದವನು ಅಲ್ಲೇ ಇದ್ದ. ಅವನೂ ನಮ್ಮ ಪೈಕಿಯವನೇ. ಉತ್ತರ ಕೊಡೋ ಬಟನ್ ಯಾರೂ ಇಟ್ಟಿರಲಿಲ್ಲ. ‘ಅರ್ಥವಾಗಲಿಲ್ಲ’ ಅನ್ನೋ ಬಟನ್ ಮಾತ್ರ ಇಟ್ಟಿದ್ದರು.

ರೋಬೋಟ್ ಅನ್ನೋ ಪದ ಎಲ್ಲಿಂದ ಬಂತು ಗೊತ್ತೇನು? ಚೆಕ್ ನಾಟಕಕಾರ ಕಾರೆಲ್ ಚಾಪೆಕ್ 1920ರಲ್ಲಿ ‘ಆರ್.ಯು.ಆರ್.’ ಅಂತ ನಾಟಕ ಬರೆದ. ಕಾರ್ಖಾನೆಯಲ್ಲಿ ತಯಾರಾದ ಕೃತಕ ಕೂಲಿಗಳಿಗೆ ಹೆಸರು ಬೇಕಿತ್ತು, ಅವನ ಅಣ್ಣ ಜೋಸೆಫ್ ‘ರೋಬೋಟ್’ ಅಂತ ಸೂಚಿಸಿದ. ಅವರ ಭಾಷೆಯ ‘ರೋಬೋಟಾ’ದಿಂದ ಮಾಡಿದ ಪದ. ರೋಬೋಟಾ ಅಂದ್ರೆ ಜಮೀನುದಾರನಿಗೆ ರೈತಾಳು ಮಾಡಲೇಬೇಕಿದ್ದ ಕಡ್ಡಾಯದ ದುಡಿಮೆ. ನಮ್ಮ ಮಾತಿನಾಗ ಹೇಳಬೇಕಂದ್ರ ಬಿಟ್ಟಿ ಚಾಕರಿ. ನಿಜಾಮನ ಕಾಲದಾಗ ನಮ್ಮ ಮುತ್ಯಾ ಮಾಡಿದ್ದು ಅದೇ, ಬೇಗಾರಿ. ಸತ್ತ ದನ ಎಳೆಯೋದು, ಪಟೇಲ, ಕುಲಕರ್ಣಿಗಳ ಚೀಟಿ ಹೊತ್ತು ಊರಿಂದ ಊರಿಗೆ ಓಡೋದು, ಕೇಳಿದಾಗ ಹೂಂ ಅನ್ನೋದು, ಕೇಳದಿದ್ರ ಸುಮ್ಮನಿರೋದು. ಪ್ರಶ್ನೆ ಕೇಳಬಾರದು. ಜಗತ್ತಿಗೆ ರೋಬೋಟ್ ಹೊಸದಿರಬಹುದು. ನಮ್ಮ ಕೇರಿಗೆ ಹೊಸದಲ್ಲ, ನಾವೇ ಅದಾಗಿದ್ವಿ.

ಹಳೇ ಕಥಿ ಯಾಕ ತೆಗೀತಿ ಅನ್ನೋರಿಗೆ ಇತ್ತೀಚಿನದು ಹೇಳ್ತೀನಿ. 2019ರಲ್ಲಿ ಬೆಂಗಳೂರಿನ ಸರ್ಜಾಪುರ ಕಡೆಯ ಇಂಡಸ್ ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಶಿಕ್ಷಕರ ಜೊತೆ ಪಾಠ ಮಾಡೋ ರೋಬೋಟ್‌ಗಳು ಬಂದವು, ಪತ್ರಿಕೆಗಳು ಸುದ್ದಿ ಹಾಕಿದವು. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಯಲವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದು ಬಯಲಿಗೆ ಬಂತು. ಸರ್ಜಾಪುರಕ್ಕೂ ಮಾಲೂರಿಗೂ ಬಸ್ಸಿನಾಗ ಗಂಟೆ ದಾರಿ. ಒಂದು ಶಾಲೆಯಲ್ಲಿ ಮಿಷನ್ನು ಮೇಷ್ಟ್ರ ಕೆಲಸ ಮಾಡ್ತದ, ಇನ್ನೊಂದು ಶಾಲೆಯಲ್ಲಿ ಮಗು ಮಿಷನ್ನಿನ ಕೆಲಸ ಮಾಡ್ತದ. ಗುಂಡಿಗೆ ಇಳಿಯೋ ರೋಬೋಟ್ ಇರಲಿಲ್ಲವಾ ಅಂದ್ರೆ ಇತ್ತು. ಕೇರಳದ ಹುಡುಗರು ‘ಬ್ಯಾಂಡಿಕೂಟ್’ ಅಂತ ಮಾಡಿ 2018ರಲ್ಲೇ ತಿರುವನಂತಪುರದ ಮ್ಯಾನ್‌ಹೋಲಿಗೆ ಇಳಿಸಿದ್ದರು. ಮಲ ಹೊರೋದನ್ನ ನಿಷೇಧಿಸಿದ ಕಾನೂನು 1993ರದ್ದು, ಬಿಗಿ ಮಾಡಿದ್ದು 2013ರಲ್ಲಿ, ಸುಪ್ರೀಂ ಕೋರ್ಟಿನ ತೀರ್ಪು 2014ರಲ್ಲಿ. ಕೆಜಿಎಫ್‌ನ ಕೇರಿಯಿಂದ ಬಂದ ಬೆಜವಾಡ ವಿಲ್ಸನ್ ಜೀವಮಾನ ಪೂರ್ತಿ ಕೂಗಿದ್ದು ಇದನ್ನೇ. ಆದರೂ ಸೀರೆ ಉಟ್ಟ ರೋಬೋಟಿಗೆ ರಿಬ್ಬನ್ ಕತ್ತರಿಸೋಕೆ ಮಂತ್ರಿ, ಶಾಸಕರು ಬರ್ತಾರ, ಗುಂಡಿಗಿಳಿಯೋ ರೋಬೋಟ್ ಬೇಕಂದ್ರ ಫೈಲ್ ಸಿಗೋದಿಲ್ಲ.

ಈಗ ನಮ್ಮವರ ಪಾಳಿ.

ಈ ಪ್ರದರ್ಶನದ ಬಗ್ಗೆ ನಮ್ಮ ಗ್ರೂಪಿನಾಗ ಹಾಕಿದಾಗ ಒಬ್ಬ ಹಿರಿಯ ಸಂಗಾತಿ ಬರೆದರು: “ಶಾಲ್ಯಾಗ ಮೇಷ್ಟ್ರಿಲ್ಲ, ಪಾಯಖಾನಿಗೆ ನೀರಿಲ್ಲ, ಈ ರೋಬೋಟ್ ನಮ್ಮ ಮಕ್ಕಳಿಗೆ ಯಾಕ ಬೇಕು? ಇದೆಲ್ಲ ಉಳ್ಳವರ ಆಟಿಕೆ.” ಎಪ್ಪತ್ತು ಲೈಕ್ ಬಂದವು. ಅವರ ಮೇಲೆ ನನಗೆ ಗೌರವ ಅದ. ಅರ್ಧ ಮಾತು ಖರೇನೂ ಅದ. 2025ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕಡೆ, ಶೇ 42.43. ದಕ್ಷಿಣ ಕನ್ನಡ ಶೇ 91.12. 371(ಜೆ) ಬಂದು ಹತ್ತು ವರ್ಷದ ಮೇಲಾತು. ನೂರು ಮಕ್ಕಳು ಪರೀಕ್ಷೆಗೆ ಕೂತರೆ ಐವತ್ತೇಳು ಮಂದಿ ಫೇಲಾಗೋ ಜಿಲ್ಲೆಯಲ್ಲಿ ರೋಬೋಟ್ ಕುಣಿಸೋದು ಅಂದ್ರೆ ಹಸಿದವನ ಮುಂದೆ ಊಟದ ವಿಡಿಯೋ ಹಾಕಿದಂಗ.

ಆದರೆ ಉಳಿದರ್ಧ ಒಪ್ಪಲ್ಲ. ‘ಮೊದಲು ನೀರು, ಆಮೇಲೆ ವಿಜ್ಞಾನ’ ಅನ್ನೋ ಮಾತನ್ನ ನಮಗೆ ಸಾವಿರ ವರ್ಷದಿಂದ ಬೇರೆಯವರು ಹೇಳಿಕೊಂಡೇ ಬಂದಾರ. ಮೊದಲು ಹೊಟ್ಟಿ ನೋಡ್ಕೋ, ಓದಿ ಏನ್ ಮಾಡ್ತಿ ಅಂತ. ಈಗ ನಾವೇ ಹೇಳಾಕ ಹತ್ತೀವಿ! ಬಾಬಾಸಾಹೇಬರು ಕೊಲಂಬಿಯಾಕ್ಕೆ ಹೋಗಿದ್ದು 1913ರಲ್ಲಿ. ಮಹಾಡದ ಚೌದಾರ್ ಕೆರೆಯ ನೀರು ಮುಟ್ಟಿದ್ದು 1927ರಲ್ಲಿ. ಕೇರಿಗೆಲ್ಲ ನೀರು ಬಂದ ಮೇಲೆ ಅಮೆರಿಕಕ್ಕೆ ಹೋಗ್ತೀನಿ ಅಂತ ಕೂತಿದ್ದರೆ ಇವತ್ತಿಗೂ ಕೆರೆ ದಂಡಿ ಮ್ಯಾಲೇ ಇರ್ತಿದ್ವಿ. ಎರಡೂ ಬೇಕು, ಎರಡೂ ಒಟ್ಟಿಗೇ ಬೇಕು.

‘ಉಳ್ಳವರ ಆಟಿಕೆ’ ಅಂದ್ರಲ್ಲ. ಅಟಲ್ ಟಿಂಕರಿಂಗ್ ಲ್ಯಾಬ್ ಹೆಸರು ಕೇಳಿರಬೇಕು. ನೀತಿ ಆಯೋಗದ ಯೋಜನೆ, ಆರರಿಂದ ಹನ್ನೆರಡನೇ ತರಗತಿ ಇರೋ ಶಾಲೆಗೆ 20 ಲಕ್ಷ ರೂಪಾಯಿ ತನಕ ಕೊಡ್ತಾರ, ರೋಬೋಟಿಕ್ಸ್ ಕಿಟ್, ತ್ರೀಡಿ ಪ್ರಿಂಟರ್, ಸೆನ್ಸರ್ ಎಲ್ಲ. ಇಂಗ್ಲಿಷಿನಾಗ ಟಿಂಕರ್ ಅಂದ್ರೆ ಯಾರು? ಊರೂರು ತಿರುಗಿ ತೂತು ಬಿದ್ದ ಪಾತ್ರೆಗೆ ತೇಪೆ ಹಾಕೋನು. ನಮ್ಮ ಪೈಕಿಯವನೇ. ಚರ್ಮ ಹದ ಮಾಡಿ ಮೆಟ್ಟು ಹೊಲಿದವರು, ಹಲಗಿಗೆ ಬಿಗಿ ಕೊಟ್ಟು ದನಿ ತೆಗೆದವರು, ಶಹಾಬಾದ ಖಣಿಯಾಗ ಪದರು ನೋಡಿ ಕಲ್ಲು ಸೀಳಿದವರು. ಈ ಕೈಗಳಿಗೆ ಅಕ್ಷರ ಕೊಡಲಿಲ್ಲ, ಅಕ್ಷರ ಇದ್ದ ಕೈಗಳು ಕೆಲಸ ಮುಟ್ಟಲಿಲ್ಲ. ಈಗ ಕೈಯಿಂದ ಮಾಡಿ ಕಲಿಯೋದೇ ಶ್ರೇಷ್ಠ ಅಂತ ಗೊತ್ತಾಗ್ಯದ, ಅದಕ್ಕೊಂದು ಲ್ಯಾಬ್ ಆಗ್ಯದ. ಆ ಲ್ಯಾಬಿಗೆ ಅರ್ಜಿ ಕರೆದಾಗ ಬಯಲಿನ ಶಾಲೆಗಳಿಗೆ ಇಟ್ಟ ಷರತ್ತು 1500 ಚದರ ಅಡಿ ಜಾಗ. ಎರಡು ಕೋಣೆ, ಒಂದು ಪಡಸಾಲೆಯ ನಮ್ಮ ಹಳ್ಳಿ ಶಾಲೆ ಎಲ್ಲಿಂದ ತರಬೇಕು? ನಮ್ಮ ಕಸುಬಿನ ಹೆಸರಿಟ್ಟು, ಬಾಗಿಲಿಗೆ ನಾವು ದಾಟದಷ್ಟು ಎತ್ತರದ ಹೊಸ್ತಿಲು. 2025ರ ಕೇಂದ್ರ ಬಜೆಟ್ಟಿನಾಗ ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಿಗೇ 50,000 ಲ್ಯಾಬ್ ಅಂತ ಘೋಷಿಸ್ಯಾರ. ನಾವು ಆಟಿಕೆ ಅಂತ ಸುಮ್ಮನೆ ಕೂತರೆ ಅವು ಎಲ್ಲಿಗೆ ಹೋಗ್ತಾವ ಅನ್ನೋದು ಹೇಳಬೇಕಾಗಿಲ್ಲ.

ಲ್ಯಾಬ್ ಬಂದ ಶಾಲೆಗಳ ಕಥಿನೂ ಒಂದು ಹೇಳಬೇಕು. ಹೆಸರು ಬೇಡ. ಒಂದು ಕಡೆ ಹೋಗಿದ್ದೆ, ಕಿಟ್‌ಗಳು ಪ್ಲಾಸ್ಟಿಕ್ ಬಿಚ್ಚದೆ ಗಾಜಿನ ಕಪಾಟಿನಾಗ ಅದಾವ. ‘ಮಕ್ಕಳು ಮುಟ್ಟಿದರ ಕೆಡ್ತಾವ್ರಿ’ ಅಂದರು. ಮುಟ್ಟಿದರ ಕೆಡ್ತಾವ! ಈ ವಾಕ್ಯ ಎಲ್ಲೋ ಕೇಳಿದಂಗ ಅನಿಸಲಿಲ್ಲೇನು? ಸಾತಾರಾದ ಶಾಲೆಯಲ್ಲಿ ಭೀಮರಾವ್ ಅನ್ನೋ ಹುಡುಗನಿಗೆ ನಲ್ಲಿ ಮುಟ್ಟೋ ಹಾಗಿರಲಿಲ್ಲ, ಜವಾನ ಬಂದು ತಿರುವಿದರೆ ಮಾತ್ರ ನೀರು. ಆಗ ನಲ್ಲಿ, ಈಗ ಕಿಟ್.

ನೋಡಿ, ರೋಬೋಟಿನಿಂದ ಮಕ್ಕಳು ಏನು ಕಲೀತಾರ ಅನ್ನೋದಕ್ಕೆ ಎರಡು ದಾರಿ ಅದಾವ. ಒಂದು, ರೋಬೋಟ್ ಹೇಳ್ತದ, ಮಗು ಕೇಳ್ತದ. ಜಪಾನಿನಲ್ಲಿ ಇದನ್ನ ಪರೀಕ್ಷೆ ಮಾಡ್ಯಾರ. ‘ರೋಬೋವಿ’ ಅನ್ನೋ ಇಂಗ್ಲಿಷ್ ಮಾತಾಡೋ ರೋಬೋಟನ್ನ ಪ್ರಾಥಮಿಕ ಶಾಲೆಯೊಳಗ ಎರಡು ವಾರ ಬಿಟ್ಟರು, 2004ರಲ್ಲಿ ಅದರ ವರದಿ ಬಂತು. ಮೊದಲ ವಾರ ಮಕ್ಕಳು ಮುತ್ತಿಕೊಂಡರು. ಎರಡನೇ ವಾರ ಹೆಚ್ಚಿನವರು ತಿರುಗಿ ನೋಡಲಿಲ್ಲ. ಕಡೆ ತನಕ ಉಳಿದವರು ಮೊದಲೇ ಅಷ್ಟಿಷ್ಟು ಇಂಗ್ಲಿಷ್ ಬರ್ತಿದ್ದವರು, ಇಲ್ಲಾ ಅದರ ಮೇಲೆ ಆಸಕ್ತಿ ಇದ್ದವರು. ಅಂದ್ರೆ ಇದ್ದವರಿಗೇ ಇನ್ನಷ್ಟು. ಶ್ರೀಮಂತ ಜಪಾನಿನಾಗೇ ಹಿಂಗಂದ್ರ ಸೇಡಂನಾಗ ಹ್ಯಾಂಗ?

ಇನ್ನೊಂದು ಮಾತು. ಮಿಷನ್ನಿನ ಮಾತನ್ನ ಮನುಷ್ಯರು ಮಿಷನ್ನಿನ ಮಾತು ಅಂತ ತಗೊಳ್ಳೋದಿಲ್ಲ. 1966ರಲ್ಲಿ ಅಮೆರಿಕದ ಎಂಐಟಿಯ ಜೋಸೆಫ್ ವೈಝನ್‌ಬಾಮ್ ‘ಎಲೈಝಾ’ ಅನ್ನೋ ಪ್ರೋಗ್ರಾಂ ಪ್ರಕಟಿಸಿದ. ನಾವು ಬರೆದ ಮಾತನ್ನೇ ತಿರುಗಿಸಿ ಪ್ರಶ್ನೆ ಕೇಳೋದು, ಅಷ್ಟೇ ಅದರ ಕೆಲಸ. ಅದು ತಯಾರಾಗಿದ್ದನ್ನ ಕಣ್ಣಾರೆ ಕಂಡಿದ್ದ ಅವನ ಕಾರ್ಯದರ್ಶಿಯೇ ಅದರ ಜೊತೆ ಮಾತಾಡುವಾಗ ‘ನೀವು ಸ್ವಲ್ಪ ಹೊರಗಿರ್ರಿ’ ಅಂತ ಅವನನ್ನ ಕಳಿಸಿದಳು. ಓದಿದ ದೊಡ್ಡವರದೇ ಹಿಂಗ. ಹಂಗಿದ್ದ ಮೇಲೆ ಹನ್ನೆರಡು ವರ್ಷದ ಹುಡುಗಿಗೆ ಇನ್ನೂರು ಮಂದಿ ಮುಂದೆ ಒಂದು ಬೊಂಬೆ ‘ಸ್ಪಷ್ಟವಾಗಿ ಮಾತನಾಡಿ’ ಅಂದ್ರೆ ಅದು ಮುಖಕ್ಕೆ ಹೊಡೆದಂಗೇ. ಮೇಷ್ಟ್ರು ಅಂದಿದ್ದರೆ ಮನೆಗೆ ಬಂದು ಬೈದುಕೋತಿದ್ದಳು. ಮಿಷನ್ನು ಅಂದಿದೆ, ಮಿಷನ್ ಸುಳ್ಳು ಹೇಳಲ್ಲ ಅಂತ ಶಾಲೆಯಲ್ಲೇ ಕಲಿಸ್ಯಾರಲ್ಲ. ಜಾತಿ ಕೇಳದ ರೋಬೋಟ್, ಭೇದ ಮಾಡದ ರೋಬೋಟ್ ಅಂತ ಅವತ್ತು ಭಾಷಣದಲ್ಲಿ ಹೇಳಿದರು. ಅದು ಜಾತಿ ಕೇಳಲಿಲ್ಲ, ಒಪ್ಪಿದೆ. ಮಾತು ಕೇಳಿತು. ನಮ್ಮಲ್ಲಿ ಮಾತು ಕೇಳಿದರೆ ಜಾತಿ ಕೇಳಿದಂಗೇ ಅಲ್ಲೇನು?

ಎರಡನೇ ದಾರಿ, ಮಗು ಹೇಳ್ತದ, ರೋಬೋಟ್ ಕೇಳ್ತದ. ಸೆಮೂರ್ ಪ್ಯಾಪರ್ಟ್ ಅನ್ನೋ ಗಣಿತಜ್ಞ ಅರವತ್ತರ ದಶಕದಲ್ಲೇ ‘ಲೋಗೋ’ ಅಂತ ಮಕ್ಕಳ ಪ್ರೋಗ್ರಾಮಿಂಗ್ ಭಾಷೆ ತಂದವರಲ್ಲಿ ಒಬ್ಬ. ನೆಲದ ಮೇಲೆ ಓಡೋ ಆಮೆಯಂಥ ರೋಬೋಟಿಗೆ ಮಗು ಇಷ್ಟು ಹೆಜ್ಜೆ ಮುಂದೆ ಹೋಗು, ಇಷ್ಟು ತಿರುಗು ಅಂತ ಹೇಳಬೇಕು. ತಪ್ಪು ಹೇಳಿದರೆ ಆಮೆ ತಪ್ಪು ಹೋಗ್ತದ, ಬೈಯೋದಿಲ್ಲ, ನಗೋದಿಲ್ಲ. ಮಗು ತಿದ್ದಿ ಮತ್ತೊಮ್ಮೆ ಹೇಳ್ತದ. ಇಲ್ಲಿ ಯಜಮಾನ್ಕಿ ಮಗುವಿನದು.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕಂದ್ರೆ ಶಿರಸಿ ನೋಡ್ರಿ. ಅಲ್ಲಿನ ಪಿಯು ಕಾಲೇಜಿನ ಉಪನ್ಯಾಸಕ ಅಕ್ಷಯ್ ಮಾಶೇಲ್ಕರ್ ಲಾಕ್‌ಡೌನ್ ಕಾಲದಲ್ಲಿ ‘ಶಿಕ್ಷಾ’ ಅನ್ನೋ ರೋಬೋಟ್ ಮಾಡಿದರು, ಸಣ್ಣ ಮಕ್ಕಳಿಗೆ ಮಗ್ಗಿ, ಪದ್ಯ ಹೇಳಿಕೊಡೋದು. 2022ರಲ್ಲಿ ಸುದ್ದಿಯಾಯಿತು, ಸುಮಾರು ಎರಡು ಲಕ್ಷ ಖರ್ಚಂತ. ಒಬ್ಬ ಮೇಷ್ಟ್ರು ಸಣ್ಣ ಊರಿನಾಗ ಕೂತು ಮಾಡಿದ್ದು, ನನಗೆ ಅದು ದೊಡ್ಡದು. ಆದರೆ ನಾನು ಕೇಳೋದು, ಆ ರೋಬೋಟಿನಿಂದ ಎಲ್ಲರಿಗಿಂತ ಹೆಚ್ಚು ಕಲಿತವರು ಯಾರು? ಮಗ್ಗಿ ಕೇಳಿದ ಮಕ್ಕಳಲ್ಲ, ಮಾಡಿದ ಮೇಷ್ಟ್ರು. ಆ ಜಾಗದಾಗ ನಮ್ಮ ಹುಡುಗಿ ಕೂಡಬೇಕು ಅನ್ನೋದು ನನ್ನ ತಕರಾರು.

ಅದಕ್ಕೇ ಸುಮ್ಮನೆ ಪೋಸ್ಟ್ ಹಾಕೋ ಮೊದಲು ಒಂದು ಕೆಲಸ ಮಾಡಿದ್ವಿ. ನಾಲ್ಕು ಜನ ಚಂದಾ ಹಾಕಿ, ಒಂದೂವರೆ ಸಾವಿರದೊಳಗ, ಗೆರೆ ಹಿಡಿದು ಓಡೋ ಸಣ್ಣ ಗಾಡಿಯ ಬಿಡಿ ಭಾಗ ತರಿಸಿದ್ವಿ. ಆರ್ಡುಯಿನೊ ಬೋರ್ಡ್, ಎರಡು ಮೋಟರ್, ಎರಡು ಸೆನ್ಸರ್. ಕೇರಿಯ ಸಮುದಾಯ ಭವನದಾಗ ಹಾಸ್ಟೆಲ್ ಮಕ್ಕಳನ್ನ ಕೂಡಿಸಿದ್ವಿ. ಬಟನ್ ಒತ್ತಿದ ಆ ಶಹಾಬಾದ ಹುಡುಗನೂ ರವಿವಾರ ಬಂದ, ಈ ಸಲ ಕೂಲಿ ಇಲ್ಲದೆ. ಜೋಡಿಸೋಕೆ ಮೂರು ತಾಸು.

ಪುಸ್ತಕದ ಪ್ರಕಾರ ಬಿಳಿ ನೆಲದ ಮೇಲೆ ಕರಿ ಪಟ್ಟಿ ಅಂಟಿಸಬೇಕು. ಸೆನ್ಸರ್ ಕಣ್ಣಿಗೆ ಕಾಣದ ಬೆಳಕು ಬಿಡ್ತದ, ಬಿಳಿ ಅದನ್ನ ವಾಪಸ್ ಕಳಿಸ್ತದ, ಕರಿ ನುಂಗ್ತದ, ಅದರ ಮೇಲೆ ಗಾಡಿಗೆ ದಾರಿ ತಿಳೀತದ. ಆದರೆ ನಮ್ಮ ಭವನಕ್ಕೆ ಶಹಾಬಾದ ಕಲ್ಲು ಹಾಸ್ಯಾರ, ಅದೇ ಕಪ್ಪುಬೂದಿ ಬಣ್ಣ. ಗಾಡಿಗೆ ನೆಲ ಯಾವುದು, ಪಟ್ಟಿ ಯಾವುದು ತಿಳೀಲಿಲ್ಲ, ಸುತ್ತು ಹೊಡೀಲಾಕ ಹತ್ತಿತು. ನಾವು ದೊಡ್ಡವರು ಬಿಳಿ ಚಾರ್ಟ್ ತರಾಕ ಅಂಗಡಿಗೆ ಹೊರಟಿದ್ವಿ. ‘ನಿಂಗ್ಯಾರು ಕಲಿಸ್ಯಾರ’ ಅಂತ ಕೇಳಿದ್ದ ಅದೇ ಹುಡುಗಿ ಪಟ್ಟಿ ಕಿತ್ತಿ ಒಗೆದಳು. ಗ್ವಾಡಿಗೆ ಹಚ್ಚಿ ಉಳಿದಿದ್ದ ಸುಣ್ಣ ತಂದು ಕಲ್ಲಿನ ಮೇಲೆ ಬಿಳಿ ಗೆರೆ ಎಳೆದಳು. “ಈಗ ಅದಕ್ಕ ಉಲ್ಟಾ ಹೇಳ್ರಿ” ಅಂದಳು. ಪ್ರೋಗ್ರಾಮಿನಾಗ ಕರಿ ಇದ್ದಲ್ಲಿ ಬಿಳಿ, ಬಿಳಿ ಇದ್ದಲ್ಲಿ ಕರಿ ಮಾಡಿದ್ವಿ. ಗಾಡಿ ಹೊಂಟಿತು.

ಸೇಡಂ ಬಿಇಓ ಕಚೇರಿಗೂ, ಸಮಾಜ ಕಲ್ಯಾಣ ಇಲಾಖೆಗೂ ಅರ್ಜಿ ಬರೀತೀವಿ. ಬೇಡಿಕೆ ದೊಡ್ಡದಿಲ್ಲ. ಮಾತಾಡೋ ಬೊಂಬೆ ಬೇಡ. ಪ್ರತಿ ಹಾಸ್ಟೆಲ್ಲಿಗೆ, ಪ್ರತಿ ವಸತಿ ಶಾಲೆಗೆ, ಪಂಚಾಯ್ತಿಯ ಅರಿವು ಕೇಂದ್ರಕ್ಕೆ ಬಿಚ್ಚಿ ಜೋಡಿಸೋ ಕಿಟ್ ಕೊಡ್ರಿ, ಬೀಗ ಇಲ್ಲದ ಕಪಾಟಿನಾಗ ಇಡ್ರಿ, ಕೆಟ್ಟರೆ ಮಕ್ಕಳಿಂದ ದಂಡ ತಗೊಳ್ಳೋದಿಲ್ಲ ಅಂತ ಬರೆದು ಕೊಡ್ರಿ, ಹೇಳಿಕೊಡಾಕ ನಮ್ಮ ಐಟಿಐ, ಡಿಪ್ಲೊಮಾ ಹುಡುಗರನ್ನ ಸಂಬಳ ಕೊಟ್ಟು ತಗೊಳ್ರಿ. ಪಕ್ಕದ ಚಿತ್ತಾಪುರದ ಶಾಸಕರೇ ರಾಜ್ಯದ ಐಟಿ-ಬಿಟಿ ಮಂತ್ರಿ, ಅರಿವು ಕೇಂದ್ರಗಳೂ ಅವರ ಇಲಾಖೆಯವೇ. ಅವರಿಗೂ ಒಂದು ಪ್ರತಿ. ಸಹಿ ಹಾಕೋರು ಚಿಂಚೋಳಿ, ವಾಡಿ, ಶಹಾಬಾದ ಕಡೆಯಿಂದಲೂ ಬರ್ರಿ, ರವಿವಾರ ಸಂಜೆ ಭವನದಾಗೇ ಇರ್ತೀವಿ. ಬರುವಾಗ ಮನಿಯಾಗಿನ ಕೆಟ್ಟ ರೇಡಿಯೋ, ಮಿಕ್ಸರ್ ಏನಿದ್ದರೂ ತರ್ರಿ, ಮಕ್ಕಳಿಗೆ ಬಿಚ್ಚಾಕ ಬೇಕು.

ಗಾಡಿ ಇನ್ನೂ ಸರಿಯಾಗಿಲ್ಲ. ಕಲ್ಲಿನ ಸಂದಿಗೆ ತುಂಬಿದ ಸಿಮೆಂಟೂ ಬೆಳ್ಳಗ ಅದ, ಅಲ್ಲಿಗೆ ಬಂದ ಕೂಡಲೇ ಅದನ್ನೇ ಗೆರೆ ಅಂತ ತಿಳಕೊಂಡು ಗ್ವಾಡಿ ಕಡಿ ತಿರುಗ್ತದ. ಸಂದಿಗೆ ಇದ್ದಿಲು ಬಳಿಬೇಕು ಅಂತ ಒಂದು ಗುಂಪು, ಇಲ್ಲ ಗೆರೆನೇ ದಪ್ಪ ಮಾಡಬೇಕು ಅಂತ ಇನ್ನೊಂದು ಗುಂಪು. ನಿನ್ನೆ ರಾತ್ರಿ ಒಂಬತ್ತಕ್ಕ ವಾರ್ಡನ್ ಫೋನ್ ಮಾಡಿ ಕರೆಯೋ ತನಕ ಜಗಳ ನಡೆದಿತ್ತು.

ಜೈಭೀಮ್.